ಕಣ್ಣು ಮೂಡದ ಮುಖ

ಗಣಪತಿ ಮಾಡುವವರ ಮನೆಯ ಮುಂದೆ ಹಸಿಮಣ್ಣಿನ ವಾಸನೆ ಬಂದರೆ ನನಗೆ ಈಗಲೂ ನಿಪ್ಪಾಣಿಯ ಆ ಮಧ್ಯಾಹ್ನ ನೆನಪಾಗುತ್ತದೆ.

ಅಪ್ಪ ತೀರಿಕೊಂಡು ಒಂದು ಮಳೆಗಾಲ ಕಳೆದಿತ್ತು. ಅವನ ತಮ್ಮ, ನನ್ನ ಕಾಕಾ, ಶಿಲ್ಪಕಲೆ ಕಲಿತು ಬಂದಿದ್ದರು. ಹಿತ್ತಲಿನ ತಗಡಿನ ಚಪ್ಪರದ ಕೆಳಗೆ ಅಪ್ಪನ ಮುಖವನ್ನು ಮಣ್ಣಿನಲ್ಲಿ ಮಾಡುತ್ತಿದ್ದರು. ಹಣೆ, ಮೂಗು, ದಪ್ಪ ಮೀಸೆ ಎಲ್ಲ ಬಂದಿದ್ದವು. ಕಣ್ಣು ಮಾತ್ರ ಉಳಿದಿದ್ದವು. ಆ ಮಧ್ಯಾಹ್ನ ಅವರು ಒದ್ದೆ ಗೋಣಿತಟ್ಟು ಸರಿಸಿ, ಆ ಮುಖವನ್ನು ಎರಡೂ ಕೈಯಿಂದ ಅದುಮಿ ಮುದ್ದೆ ಮಾಡಿಬಿಟ್ಟರು.

ಅವ್ವ ಓಡಿಬಂದಳು. “ಯಾಕ ಕೆಡಿಸಿದ್ಯೋ?”

“ನಾಳೆ ಕೊಲ್ಹಾಪುರಕ್ಕ ಹೊಂಟೇನ್ರಿ ವೈನಿ. ಕಾರ್ಖಾನ್ಯಾಗ ಪಂಪು, ಫ್ಯಾನಿಗೆ ಡಿಸೈನ್ ಮಾಡೋ ಕೆಲಸ ಸಿಕ್ಕೈತಿ. ಇದಕ್ಕ ದಿನಾ ನೀರ ಹೊಡೀಲಿಲ್ಲಂದ್ರ ಬಿರಿತೈತಿ.”

“ನಾ ಹೊಡೀತೇನಿ ಕಾಕಾ,” ಎಂದೆ.

ಅವರು ಮಣ್ಣು ಮೆತ್ತಿದ ಬೆರಳಿನಿಂದ ನನ್ನ ಗಲ್ಲ ಮುಟ್ಟಿದರು. “ನೀ ಸಾಲಿಗೆ ಹೋಗವಾ. ಅದಕ್ಕ ಅಲ್ಲೇನು ನಾ ಹೊಂಟಿದ್ದು?”

ಗಲ್ಲದ ಮೇಲೆ ಮಣ್ಣು ಒಣಗಿ ಬಿಗಿಯಿತು. ಸಂಜೆಯವರೆಗೂ ನಾನು ಅದನ್ನು ತೊಳೆಯಲಿಲ್ಲ.

ನಾನು ಡಾಕ್ಟರ್ ಆಗುವವರೆಗೂ ಕಾಕಾ ಆ ಕಾರ್ಖಾನೆ ಬಿಡಲಿಲ್ಲ. ರಜೆ ಸಿಕ್ಕರೆ ಕ್ಯಾಮೆರಾ ಹೆಗಲಿಗೇರಿಸಿ ಮದುವೆಗಳ ಫೋಟೋ ತೆಗೆಯಲು ಹೋಗುತ್ತಿದ್ದರು. ಆಮೇಲೆ ರಾಯಬಾಗದ ಒಂದು ಶಾಲೆಯಲ್ಲಿ ಚಿತ್ರಕಲೆಯ ಮಾಸ್ತರರಾದರು. ಅಲ್ಲಿಗೆ ಹೋಗಿದ್ದಾಗ, “ಕಾಕಾ, ಈಗರ ಒಂದ ಮೂರ್ತಿ ಮಾಡ್ರಿ,” ಎಂದೆ.

ಅವರು ನಕ್ಕು, ಯಾರೋ ವಿದ್ಯಾರ್ಥಿನಿ ಮಾಡಿದ್ದ ಮಣ್ಣಿನ ಎಮ್ಮೆಯೊಂದನ್ನು ನನ್ನ ಕೈಗಿಟ್ಟರು. “ಇದನ್ನ ನೋಡ. ಎಷ್ಟ ಚಂದ ಮಾಡ್ಯಾಳ!”

ನಾನು ಎಮ್ಮೆಯನ್ನೇ ನೋಡುತ್ತ ಕುಳಿತೆ. ತಲೆಯೆತ್ತಿ ಅವರ ಮುಖ ನೋಡಲು ನನ್ನಿಂದ ಆಗಲಿಲ್ಲ.