ದುಂಬಿಯ ಊರು

"ಯಾವ ಕಲ್ಲಿನ ಬುಡಕ ಸಿಕ್ಕಿತ್ರೀ ಮೇಡಂ ಈ ದುಂಬಿ?" ಅಂಥದೇ ದುಂಬಿಗಾಗಿ ಮಸ್ಕಿ ಗುಡ್ಡವನ್ನೆಲ್ಲ ಜಾಲಾಡಿ ಬಂದ ಸಂಶೋಧಕಿ ನಂದಿನಿಯ ಅಂಗೈ ತುಂಬ ತರಚು ಗಾಯ.

ಉಪನ್ಯಾಸಕಿ ಶೈಲಜಾ ಕಾಲೇಜಿನ ಹಳೆಯ ಕೀಟದ ಪೆಟ್ಟಿಗೆಯನ್ನು ಎಳೆದುಕೊಂಡಳು. ಸೂಜಿ ಚುಚ್ಚಿದ ದುಂಬಿಯ ಪಕ್ಕ 'ಮಸ್ಕಿ' ಎಂಬ ಚೀಟಿ, ಅವಳದೇ ಅಕ್ಷರ. ಅವಳು ಇಲ್ಲೇ ಬಿಎಸ್ಸಿ ಓದುವಾಗ ಎಲ್ಲರೂ ಸೀನಿಯರ್‌ಗಳ ಪೆಟ್ಟಿಗೆ ಇಸಿದುಕೊಂಡು, ಹಳೆ ಚೀಟಿಯ ಮೇಲೆ ತಮ್ಮೂರಿನ ಹೆಸರಿನ ಚೀಟಿ ಅಂಟಿಸಿ, ತಾವೇ ಹಿಡಿದದ್ದೆಂದು ಪರೀಕ್ಷೆಗೆ ಒಪ್ಪಿಸುತ್ತಿದ್ದರು. ಅವಳೂ ಅಷ್ಟೇ ಮಾಡಿದ್ದಳು.

"ಇದನ್ನ ನಾ ಹಿಡದಿಲ್ಲ ನಂದಿನಿ, ತಪ್ಪಾತು," ಎಂದು ಚೀಟಿಯನ್ನು ಉಗುರಿನಿಂದ ಕೆರೆದು ತೆಗೆದಳು. ಕೆಳಗೆ ಬೇರೆ ಯಾರದೋ ಅಕ್ಷರದಲ್ಲಿ 'ಗುರುಗುಂಟಾ'.

ನಂದಿನಿಯ ಮುಖ ಅರಳಿತು. "ಹಂಗಾರ ನಾಳೆ ಗುರುಗುಂಟಾಕ ಹೋಗ್ತೀನ್ರೀ!"

ಆ ಚೀಟಿಯ ಅಡಿಯಿಂದಲೂ ಇನ್ನೊಂದರ ಅಂಚು ಇಣುಕುತ್ತಿತ್ತು. ಶೈಲಜಾ ಅದರ ಮೇಲೆ ಹೆಬ್ಬೆರಳು ಒತ್ತಿ ಹಿಡಿದಳು.