ಕೈಯಿಂದ ಕೈಗೆ ಕೊಟ್ಟ ಉಪ್ಪು

ಕಲ್ಲುಪ್ಪಿನ ಭರಣಿಗೆ ಕೈ ಹಾಕಿದರೆ ಈಗಲೂ ಹೊಳೆನರಸೀಪುರದ ಆ ಮಧ್ಯಾಹ್ನದ ತೇವ ಬೆರಳಿಗೆ ಅಂಟುತ್ತದೆ.

ಅಕ್ಕ ಪರೀಕ್ಷೆಗೆ ಗಟ್ಟಿಯಾಗಿ ಓದುತ್ತಿದ್ದಳು: "ಸೋಡಿಯಂ ಒಂದು ಎಲೆಕ್ಟ್ರಾನ್ ಕೊಡುತ್ತೆ, ಕ್ಲೋರಿನ್ ತಗೊಳ್ಳುತ್ತೆ. ಅದಕ್ಕೇ ಎರಡೂ ಅಂಟ್ಕೊಂಡು ಉಪ್ಪಾಗುತ್ತೆ."

ಅಮ್ಮ, ಚಿಕ್ಕಮ್ಮ ಮಾತು ಬಿಟ್ಟು ವಾರವಾಗಿತ್ತು. ಉಪ್ಪಿನಕಾಯಿಗೆ ಮಾವು ಹೆಚ್ಚುವಾಗಲೂ ಬೆನ್ನಿಗೆ ಬೆನ್ನು. ಇವರೂ ಹಾಗೇ ಅಂಟಿಕೊಳ್ಳಲಿ ಎಂದು, ಭರಣಿಯಿಂದ ಹಿಡಿ ಉಪ್ಪು ತೆಗೆದ ಅಮ್ಮನ ಕೈ ಹಿಡಿದೆಳೆದು, ಅದರಲ್ಲಿದ್ದ ಉಪ್ಪನ್ನು ಚಿಕ್ಕಮ್ಮನ ಅಂಗೈಗೆ ಸುರಿಸಿದೆ.

"ಅಯ್ಯೋ, ಉಪ್ಪ ಕೈಗ್ ಕೊಡ್ಬಾರ್ದು ಕಣೇ, ಜಗಳ ಆಯ್ತದೆ!" ಅಜ್ಜಿ ಚೀರಿದಳು.

ಮರುದಿನವೇ ಹಜಾರಕ್ಕೆ ಎರಡನೇ ಗ್ಯಾಸ್ ಒಲೆ ಬಂತು. ಉಪ್ಪಿನ ಭರಣಿ ಚಿಕ್ಕಮ್ಮನ ಪಾಲಿಗೆ ಹೋಯಿತು. ಸಾರಿಗೆ ಉಪ್ಪು ಕೇಳಲು ಅಮ್ಮ ನನ್ನನ್ನೇ ಕಳಿಸಿದಳು. ನಾನು ಅಂಗೈ ಚಾಚಿದೆ. ಚಿಕ್ಕಮ್ಮ ಉಪ್ಪಿನ ಬಟ್ಟಲನ್ನು ನೆಲದ ಮೇಲಿಟ್ಟು, ಬೆರಳ ತುದಿಯಿಂದ ನನ್ನ ಕಡೆ ತಳ್ಳಿದಳು.