ಅಜ್ಜನ ಕಡೆಯ ಕಿಟಕಿ

ಬಸ್ಸಿನಲ್ಲಿ ಮುಂದಿನ ಸೀಟಿನವರು ತಂಬಾಕು ಜಗಿಯುತ್ತಿದ್ದರೆ ನನಗೆ ಈಗಲೂ ಇಳಕಲ್ಲಿನ ನಮ್ಮ ಹಿತ್ತಲಿನ ಒಂದು ಮಧ್ಯಾಹ್ನ ನೆನಪಾಗುತ್ತದೆ.

ತೀರಿಕೊಂಡ ಅಜ್ಜನ ಅಂಬಾಸಿಡರ್ ಕಾರಿಗೆ ಹೊಸ ಬಣ್ಣ ಹೊಡೆಸಿ ನೆನಪಿಗೆ ಇಟ್ಟುಕೊಳ್ಳಬೇಕೆಂದು ಅಪ್ಪನಿಗೆ ಆಸೆಯಿತ್ತು. ಬಣ್ಣಕ್ಕೆ ಮೊದಲು ಕಿಟಕಿಗಳ ಹೊಳೆಯುವ ಪಟ್ಟಿಗಳನ್ನು ತಾನೇ ಬಿಚ್ಚತೊಡಗಿದ. ಅಜ್ಜ ಕುಳಿತುಕೊಳ್ಳುತ್ತಿದ್ದ ಮುಂದಿನ ಕಿಟಕಿಯ ಪಟ್ಟಿ ಸ್ಕ್ರೂಡ್ರೈವರಿಗೆ ಸುಲಭವಾಗಿ ಎದ್ದಿತು. ಗಾಜು ಏರಿಳಿಯಲು ನಡುವೆ ಸಂದಿರುವ ಕಂಬಿ ಮಾತ್ರ ಅಂಟಿಕೊಂಡಿತ್ತು. ಜೋರಾಗಿ ಜಗ್ಗಿದಾಗ ಅದು ಪಚಕ್ಕೆಂದು ಹೊರಬಂತು. ಆ ಸಂದಿಗೆ ಹಚ್ಚಿದ್ದ ಮಕಮಲ್ಲಿನಂಥ ಬಟ್ಟೆಯಲ್ಲಿ ಎಲೆ ತಂಬಾಕಿನ ಉಗುಳು ವರ್ಷಗಟ್ಟಲೆ ಇಳಿದು, ಕಪ್ಪು ಬೆಲ್ಲದ ಪಾಕದಂತೆ ಜಿಗುಟಾಗಿತ್ತು. ಕೂದಲು, ಸತ್ತ ನೊಣಗಳು ಅಂಟಿದ್ದವು. ಒಂದು ಜಿರಳೆ ಅಪ್ಪನ ಮುಂಗೈ ಮೇಲೆ ಹರಿಯಿತು. ಆ ಹುಳಿ ನಾತಕ್ಕೆ ನಾನು ಮೂಗು ಮುಚ್ಚಿಕೊಂಡೆ.

ಅಪ್ಪ ಕಂಬಿಯನ್ನು ಅವ್ವನ ಕಡೆ ಚಾಚಿದ. "ಬಿಸಿನೀರಾಗ ಹಾಕಿ ತಿಕ್ಕಿ ಕೊಡು. ಅಪ್ಪಾರ ಗಾಡೀದು, ತಿಪ್ಪಿಗೆ ಒಗಿಯೂದು ಬ್ಯಾಡ."

ಅವ್ವ ಸೆರಗನ್ನು ಮೂಗಿಗೆ ಹಿಡಿದು ಇನ್ನೊಂದು ಕೈ ಮುಂದೆ ಮಾಡಿದಳು. ಅಷ್ಟರಲ್ಲಿ ಕಟ್ಟೆಯ ಮೇಲಿದ್ದ ಅಜ್ಜಿ ಎದ್ದು ಬಂದಳು.

"ಆಕಿ ಯಾಕ ತಿಕ್ಕಬೇಕು? ಇಷ್ಟು ವರ್ಷ ಮ್ಯಾಲಿನ ಗಾಜು, ಬಾಗಲಾ ನಾ ತಿಕ್ಕೇನಿ. ಗಾಡಿ ಓಡೂ ಮುಂದ ಅವರು ಉಗುಳಿದ್ದು, ಹಿಂದ ಕುಂತ ನನ್ನ ಮಾರಿಗೇ ಸಿಡೀತಿತ್ತು."

"ಯವ್ವಾ, ಅಪ್ಪಾರಿಗೆ ಹೇಳಬೇಕಿತ್ತಿಲ್ಲ?" ಎಂದ ಅಪ್ಪ.

"ಹೇಳಿದ್ದೆ. ಗಾಜು ಏರಿಸ್ಕೋ ಅಂದ್ರು."

ಅಜ್ಜಿ ಕಂಬಿಯನ್ನು ಕಸಿದುಕೊಂಡು ತಿಪ್ಪೆಗೆ ಎಸೆದಳು. ಆಮೇಲೆ ಅವಳು ಸಾಬೂನು ಹಚ್ಚಿ ಮೊಣಕೈತನಕ ತೊಳೆದುಕೊಂಡಳು.

ಊಟಕ್ಕೆ ಕುಳಿತಾಗ ನನಗೆ ತುತ್ತು ಇಳಿಯಲಿಲ್ಲ, ಅಪ್ಪನಿಗೂ ಇಳಿಯಲಿಲ್ಲ. ಅಜ್ಜಿ ಮಾತ್ರ ಇನ್ನೊಂದು ರೊಟ್ಟಿ ಹಾಕಿಸಿಕೊಂಡು ಹೊಟ್ಟೆ ತುಂಬ ಉಂಡಳು.